ಊರಿನ ಆರ್‌ಒ ಘಟಕ 1,000ದಿಂದ 420 ಲೀಟರ್‌ಗೆ ಇಳಿದಿದೆ: ಮೆಂಬ್ರೇನ್ ಹಾಕಿಸೋದಾ, ಮಳೆನೀರಿನ ತೊಟ್ಟಿ ಕಟ್ಟಿಸೋದಾ?

ತಂಗಡಿಹೂ (ಪ್ರಶ್ನೆ)

ಪಾವಗಡ ತಾಲ್ಲೂಕಿನ ಒಂದು ಊರು. 140 ಮನೆ, ಸುಮಾರು 650 ಜನ. ನಲ್ಲಿಯಲ್ಲಿ ಬರೋದು ಬೋರ್ ನೀರು, ಅದು ಬಳಕೆಗೆ ಮಾತ್ರ. ಕುಡಿಯೋಕೆ, ಅಡುಗೆಗೆ ಪಂಚಾಯ್ತಿಯ ಶುದ್ಧ ನೀರಿನ (ಆರ್‌ಒ) ಘಟಕವೇ ಗತಿ. ಗಂಟೆಗೆ 1,000 ಲೀಟರ್‌ನ ಘಟಕ, 4040 ಅಳತೆಯ (ನಾಲ್ಕಿಂಚು ದಪ್ಪ, 40 ಇಂಚು ಉದ್ದ) ನಾಲ್ಕು ಮೆಂಬ್ರೇನ್, ಅಂದರೆ ಉಪ್ಪು ಸೋಸೋ ಪೊರೆಯ ಸುರುಳಿ, ಸಾಲಾಗಿ ಇವೆ. ಹಾಕಿ ನಾಲ್ಕು ವರ್ಷ. 20 ಲೀಟರ್ ಕ್ಯಾನಿಗೆ 5 ರೂಪಾಯಿ.

ಬೋರ್ ನೀರಿನ ಲ್ಯಾಬ್ ವರದಿ: ಟಿಡಿಎಸ್ (ಕರಗಿರೋ ಒಟ್ಟು ಲವಣ) 1,650, ಗಡಸುತನ 620, ಕ್ಷಾರೀಯತೆ 430, ಫ್ಲೋರೈಡ್ 3.1, ನೈಟ್ರೇಟ್ 58 (ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ), ಪಿಎಚ್ 7.6.

ಘಟಕದಿಂದ ಬರೋ ನೀರಿನ ಟಿಡಿಎಸ್ ಮೊದಲು 90 ಇತ್ತು, ಈಗ 310. ಗಂಟೆಗೆ 1,000 ಬರುತ್ತಿದ್ದದ್ದು 420ಕ್ಕೆ ಇಳಿದಿದೆ. ನಿರ್ವಹಣೆಯವರು "ನಾಲ್ಕೂ ಮೆಂಬ್ರೇನ್ ಹೋಗಿವೆ, ಎಲ್ಲಾ ಬದಲಿಸಬೇಕು" ಅಂತಾರೆ. ಇನ್ನೊಂದು ಕಡೆ, ಅದೇ ದುಡ್ಡಿನಲ್ಲಿ ಶಾಲೆಗೆ ಮತ್ತು ಕೆಲವು ಮನೆಗಳಿಗೆ ಮಳೆನೀರಿನ ತೊಟ್ಟಿ ಕಟ್ಟಿಸೋಣ ಅನ್ನೋ ಮಾತೂ ಇದೆ. ಎರಡಕ್ಕೂ ಆಗುವಷ್ಟು ದುಡ್ಡಿಲ್ಲ. ತುಂಗಭದ್ರಾ ಹಿನ್ನೀರಿನ ಯೋಜನೆಯ ನೀರು ಬಂದ ಮೇಲೆ ಇದೆಲ್ಲ ಯಾಕೆ ಅನ್ನೋರೂ ಇದ್ದಾರೆ. ಯಾವುದಕ್ಕೆ ಕೈ ಹಾಕೋದು?

ಹತ್ತುಕೆಜಿ_ಪ್ರೆಶರ್

ಮೆಂಬ್ರೇನ್‌ಗೆ ಈಗಲೇ ದುಡ್ಡು ಬಿಚ್ಚಬೇಡಿ.

ಮೊದಲು ಒಂದು ಗುಣಾಕಾರ. 140 ಮನೆಗೆ ದಿನಕ್ಕೊಂದು ಕ್ಯಾನ್ ಅಂದರೆ 2,800 ಲೀಟರ್. ಗಂಟೆಗೆ 420 ಬಂದರೂ ಏಳು ಗಂಟೆಯೊಳಗೆ ಮುಗಿಯುತ್ತೆ. ನಿಮ್ಮೂರಿಗೆ ನೀರು ಸಾಲದು ಅನ್ನೋದು ಸಮಸ್ಯೆಯಲ್ಲ. ಟಿಡಿಎಸ್ ಯಾಕೆ 310ಕ್ಕೆ ಹೋಯ್ತು, ಅದರ ಜೊತೆ ಫ್ಲೋರೈಡ್ ಎಷ್ಟು ಏರಿತು ಅನ್ನೋದು ಸಮಸ್ಯೆ.

ಘಟಕದ ಹಿಂದುಗಡೆ ನೋಡಿ. ಹೈ ಪ್ರೆಶರ್ ಪಂಪಿಗಿಂತ ಮುಂಚೆ ಒಂದು ಅರ್ಧ ಇಂಚಿನ ಪೈಪ್ ಕವಲೊಡೆದು, ಮೆಂಬ್ರೇನ್ ತಪ್ಪಿಸಿಕೊಂಡು ಸೀದಾ ಶುದ್ಧ ನೀರಿನ ಲೈನಿಗೆ ಸೇರಿರುತ್ತೆ, ನಡುವೆ ಒಂದು ಬಾಲ್ ವಾಲ್ವ್. "ರುಚಿಗೆ" ಅಂತ ಹಸಿ ನೀರು ಬೆರೆಸೋ ಬೈಪಾಸ್ ಅದು. ನೀರು ಚಪ್ಪೆ ಅಂತ ಯಾರಾದರೂ ಗೊಣಗಿದರೆ ಅದನ್ನು ಒಂಚೂರು ತಿರುಗಿಸಿಬಿಡ್ತಾರೆ. 90ರ ನೀರಿಗೆ 1,650ರ ನೀರು ನೂರಕ್ಕೆ ಹದಿನಾಲ್ಕು ಪಾಲು ಬೆರೆತರೆ ಸರಿಯಾಗಿ 308 ಬರುತ್ತೆ. ನಿಮ್ಮ 310 ಅದೇ ಇರಬಹುದು. ಫ್ಲೋರೈಡ್ ಇರೋ ಊರಲ್ಲಿ ಆ ವಾಲ್ವ್ ಇರಲೇಬಾರದು. ಮುಚ್ಚಿ, ಹಿಡಿ ಕಿತ್ತು, ಆಮೇಲೆ ಎಂಡ್ ಕ್ಯಾಪ್ ಹಾಕಿಸಿ. ಹಸಿ ನೀರಿನಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅದೂ ಇದೇ ದಾರಿಯಲ್ಲಿ ಬರುತ್ತೆ.

ಎರಡನೇದು ಬಕೆಟ್ ಪರೀಕ್ಷೆ. ಒಂದು 20 ಲೀಟರ್ ಕ್ಯಾನ್, ಮೊಬೈಲಿನ ಸ್ಟಾಪ್‌ವಾಚ್. ಶುದ್ಧ ನೀರಿನ ಪೈಪಿಗೆ ಹಿಡಿದು ತುಂಬೋಕೆ ಎಷ್ಟು ಸೆಕೆಂಡ್ ಬರೆದುಕೊಳ್ಳಿ, ಆಮೇಲೆ ರಿಜೆಕ್ಟ್ (ಉಪ್ಪು ಹೊತ್ತು ಹೊರಹೋಗೋ ನೀರು) ಪೈಪಿಗೂ ಹಾಗೇ. 72,000ವನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಅಂತ ಸಿಗುತ್ತೆ. ಮೆಂಬ್ರೇನಿಗೆ ಹೋಗೋ ಮುಂಚಿನ ಪ್ರೆಶರ್, ದಾಟಿ ಬಂದ ಮೇಲಿನ ಪ್ರೆಶರ್, ಎರಡೂ ಗೇಜ್ ನೋಡಿ ಬರೆಯಿರಿ.

ಅದರ ಮೇಲೆ ರೋಗ ಹೀಗೆ ಗೊತ್ತಾಗುತ್ತೆ. ನೀರು ಕಡಿಮೆ, ಟಿಡಿಎಸ್ ಜಾಸ್ತಿ, ಎರಡು ಗೇಜಿನ ನಡುವಿನ ವ್ಯತ್ಯಾಸ ಜಾಸ್ತಿ: ಉಪ್ಪು ಕಟ್ಟಿದೆ, ಸಾಮಾನ್ಯವಾಗಿ ಕೊನೆಯ ಮೆಂಬ್ರೇನಿನಲ್ಲಿ. ನೀರು ಜಾಸ್ತಿ, ಟಿಡಿಎಸ್ಸೂ ಜಾಸ್ತಿ: ಕ್ಲೋರಿನ್ ತಿಂದಿದೆ, ಅದಕ್ಕೆ ಮದ್ದಿಲ್ಲ. ನೀರು ಅಷ್ಟೇ ಇದ್ದು ಟಿಡಿಎಸ್ ಮಾತ್ರ ಹಠಾತ್ತಾಗಿ ಏರಿದರೆ ಒ-ರಿಂಗ್ ಹರಿದಿರಬಹುದು, ಐವತ್ತು ರೂಪಾಯಿಯ ಸಾಮಾನು. ಈ ಮೂರನ್ನು ಬೇರ್ಪಡಿಸದೆ "ಎಲ್ಲಾ ಹೋಗಿವೆ" ಅನ್ನೋದು ಜ್ವರಕ್ಕೆಲ್ಲ ಒಂದೇ ಇಂಜೆಕ್ಷನ್ ಕೊಟ್ಟ ಹಾಗೆ.

ಆಂಟಿಸ್ಕೇಲೆಂಟ್ (ಮೆಂಬ್ರೇನಿನಲ್ಲಿ ಉಪ್ಪು ಕಟ್ಟದಂತೆ ಬೆರೆಸೋ ದ್ರಾವಣ) ಕ್ಯಾನ್ ಯಾವತ್ತು ತಂದದ್ದು ಕೇಳಿ. ದಿನಕ್ಕೆ 2,800 ಲೀಟರ್ ಶುದ್ಧ ನೀರಿಗೆ 5,600 ಲೀಟರ್ ಬೋರ್ ನೀರು ಹಾಯಬೇಕು. ಲೀಟರಿಗೆ 4 ಮಿಲಿಗ್ರಾಂನಂತೆ ದಿನಕ್ಕೆ 22 ಗ್ರಾಂ, ತಿಂಗಳಿಗೆ 700 ಗ್ರಾಂ ಒಳಗೆ. 5 ಕೆಜಿ ಕ್ಯಾನ್ ಏಳು ತಿಂಗಳಿಗೆ ಖಾಲಿ ಆಗಬೇಕು. ಎರಡು ವರ್ಷದ ಹಿಂದಿನ ಕ್ಯಾನ್ ಇನ್ನೂ ಅರ್ಧ ಇದ್ದರೆ ಮತ್ತೇನೂ ಹುಡುಕೋದು ಬೇಡ. ಡೋಸಿಂಗ್ ಡ್ರಮ್ಮಿನಲ್ಲಿ ಬರೀ ನೀರಿದ್ದು ಪಂಪ್ ಟಿಕ್ ಟಿಕ್ ಅಂತ ಕೆಲಸ ಮಾಡ್ತಿರೋದು ಇಂಥ ಘಟಕಗಳಲ್ಲಿ ಮಾಮೂಲು.

ಕಪ್ಪುಮೋಡ_ಪೂರ್ವಕ್ಕೆ

ಮೇಲಿನವರು ಹೇಳಿದ್ದು ಸರಿ. ಆದರೆ ಮಳೆನೀರನ್ನು ಪಕ್ಕಕ್ಕೆ ಸರಿಸೋ ಮುಂಚೆ ಲೆಕ್ಕ ನೋಡಿ.

ಪಾವಗಡದ ಕಡೆ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ, ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. 40 ಚದರ ಮೀಟರ್ ಆರ್‌ಸಿಸಿ ಚಾವಣಿ ಅಂದರೆ 40 × 0.5 × 0.8, ಹದಿನಾರು ಸಾವಿರ ಲೀಟರ್. ಐದು ಜನರ ಮನೆಗೆ ಕುಡಿಯೋಕೂ ಅಡುಗೆಗೂ ಸೇರಿ ದಿನಕ್ಕೆ 30 ಲೀಟರ್ ಹಿಡಿದರೆ ವರ್ಷಕ್ಕೆ 11,000. ಬರಗಾಲದಲ್ಲಿ 300 ಮಿ.ಮೀ. ಬಿದ್ದರೂ 9,600 ಸಿಗುತ್ತೆ. ತೊಟ್ಟಿ ಎಷ್ಟು ದೊಡ್ಡದಿರಬೇಕು ಅನ್ನೋದನ್ನು ಒಟ್ಟು ಮಳೆ ನೋಡಿ ಅಲ್ಲ, ಮಳೆ ಇಲ್ಲದ ದಿನ ಎಣಿಸಿ ತೀರ್ಮಾನ ಮಾಡಬೇಕು. ಡಿಸೆಂಬರ್‌ನಿಂದ ಮೇ ಕೊನೆವರೆಗೆ 180 ದಿನ, ದಿನಕ್ಕೆ 30, ಒಟ್ಟು 5,400. ಅಂದರೆ 6,000 ಲೀಟರ್ ತೊಟ್ಟಿ. ಒಳಗಡೆ 2 ಮೀಟರ್ ಅಡ್ಡಳತೆ, 2 ಮೀಟರ್ ಎತ್ತರದ ದುಂಡು ಫೆರೊಸಿಮೆಂಟ್ ತೊಟ್ಟಿ ಇಷ್ಟಕ್ಕೆ ಸರಿಹೋಗುತ್ತೆ. ಕೋಳಿ ಜಾಲರಿ, ವೆಲ್ಡ್ ಮೆಶ್, 1:3 ಗಾರೆ, ಗೋಡೆ ದಪ್ಪ 3ರಿಂದ 4 ಸೆಂ.ಮೀ. ಕಮ್ಮಿಯೆಂದರೂ ಹತ್ತು ದಿನ ಒದ್ದೆ ಗೋಣಿ ಸುತ್ತಿ ಕ್ಯೂರಿಂಗ್ ಮಾಡಬೇಕು. ಬೇಸಿಗೆಯಲ್ಲಿ ಕಟ್ಟಿ ಮೂರು ದಿನ ನೀರು ಹಾಕಿ ಬಿಟ್ಟ ತೊಟ್ಟಿಗಳೇ ಕೂದಲೆಳೆ ಬಿರುಕು ಬಿಡೋದು.

ಮಣ್ಣಿನ ಮಾಳಿಗೆ, ಗರಿ ಹೊದಿಸಿದ ಮನೆ ಇದಕ್ಕೆ ಆಗಲ್ಲ. ಅಂಥ ಮನೆಗಳೇ ಬಡವರದು ಅನ್ನೋದು ಈ ಯೋಜನೆಯ ದೊಡ್ಡ ತೊಡಕು. ಅವರಿಗೆ ಶಾಲೆಯದೋ ಸಮುದಾಯ ಭವನದ್ದೋ ಚಾವಣಿಯಿಂದ ಪಾಲು ಕೊಡೋ ವ್ಯವಸ್ಥೆ ಮೊದಲೇ ಮಾತಾಡಿಕೊಳ್ಳಬೇಕು.

ಎಡವೋದು ಎಲ್ಲಿ ಅಂದರೆ ಮೊದಲ ಮಳೆ ನೀರಿನಲ್ಲಿ. ಚಾವಣಿಯ ಧೂಳು, ಹಕ್ಕಿ ಹಿಕ್ಕೆ, ಎಲೆ ಎಲ್ಲ ಅದರಲ್ಲೇ ಬರುತ್ತೆ. ಒಂದು ಮಿ.ಮೀ. ಮಳೆಯನ್ನಾದರೂ ಆಚೆ ಬಿಡಬೇಕು, 40 ಚದರ ಮೀಟರಿಗೆ 40 ಲೀಟರ್. ಆರಿಂಚಿನ ಪಿವಿಸಿ ಪೈಪ್ ಮೀಟರಿಗೆ ಸುಮಾರು 18 ಲೀಟರ್ ಹಿಡಿಯುತ್ತೆ. ಹಾಗಾಗಿ ಎರಡೂಕಾಲು ಮೀಟರ್ ಉದ್ದದ ಪೈಪನ್ನು ನೆಟ್ಟಗೆ ನಿಲ್ಲಿಸಿ, ಕೆಳಗೆ ತಿರುಪಿನ ಮುಚ್ಚಳ ಹಾಕಿ. ಅದು ತುಂಬಿದ ಮೇಲಿನ ನೀರು ಮಾತ್ರ ತೊಟ್ಟಿ ಕಡೆ ತಿರುಗುತ್ತೆ. ಮುಚ್ಚಳದಲ್ಲಿ ಒಂದು ಸಣ್ಣ ತೂತು ಮಾಡಿ, ತಾನೇ ತೊಟ್ಟಿಕ್ಕಿ ಖಾಲಿಯಾಗಲಿ. ಬಿಗಿಯಾಗಿ ಮುಚ್ಚಿದರೆ ಮುಂದಿನ ಮಳೆಗೆ ಅದು ಮೊದಲೇ ತುಂಬಿರುತ್ತೆ, ಕೊಳೆ ಸೀದಾ ತೊಟ್ಟಿಗೆ. ಜನ ಕೈಯಿಂದ ಬಿಚ್ಚಿ ಖಾಲಿ ಮಾಡ್ತಾರೆ ಅಂತ ನಂಬಿಕೊಂಡ ವಿನ್ಯಾಸ ಎರಡನೇ ವರ್ಷಕ್ಕೆ ಉಳಿಯಲ್ಲ.

ಚಾವಣಿ ಅಂಚಿನಲ್ಲಿ ನೀರು ಹಿಡಿಯೋ ದೋಣಿಪೈಪಿಗೆ ಮೀಟರಿಗೆ ಒಂದು ಸೆಂ.ಮೀ. ಇಳಿಜಾರು, 60 ಸೆಂ.ಮೀ.ಗೊಂದು ಕ್ಲಾಂಪ್. ಸುವರ್ಣ ಕರ್ನಾಟಕದ ಕಾಲದ 'ಸುವರ್ಣ ಜಲ' ಯೋಜನೆಯಲ್ಲಿ ಸಾವಿರಾರು ಸರ್ಕಾರಿ ಶಾಲೆಗಳಿಗೆ ಇಂಥ ತೊಟ್ಟಿ ಬಂದವು. ಅವುಗಳಲ್ಲಿ ಮೂಲೆಗೆ ಬಿದ್ದವನ್ನು ನೋಡಿದರೆ ತೊಟ್ಟಿ ಗಟ್ಟಿಯಾಗೇ ಇರುತ್ತೆ, ದೋಣಿಪೈಪ್ ಗಾಳಿಗೆ ಹಾರಿರುತ್ತೆ, ನಲ್ಲಿ ಮುರಿದಿರುತ್ತೆ.

ತಂಗಡಿಹೂ

ಹತ್ತುಕೆಜಿಯವರೇ, ಹೇಳಿದ ಹಾಗೇ ಅಳೆದೆವು. ಬೈಪಾಸ್ ತೆರೆದೇ ಇತ್ತು. ಮುಚ್ಚಿದ ಮೇಲೆ ಟಿಡಿಎಸ್ 140. ಫೀಲ್ಡ್ ಕಿಟ್‌ನಲ್ಲಿ ಫ್ಲೋರೈಡ್ 0.5ರ ಬಣ್ಣಕ್ಕೂ ಕೆಳಗಿದೆ. ಶುದ್ಧ ನೀರು 20 ಲೀಟರ್ ತುಂಬೋಕೆ 3 ನಿಮಿಷ 15 ಸೆಕೆಂಡ್, ರಿಜೆಕ್ಟ್ 20 ಲೀಟರಿಗೆ 5 ನಿಮಿಷ. ಪ್ರೆಶರ್ ಮುಂಚೆ 11.5 ಕೆಜಿ (ಚದರ ಸೆಂ.ಮೀ.ಗೆ), ಆಮೇಲೆ 9.5. ಆಂಟಿಸ್ಕೇಲೆಂಟ್ ಡ್ರಮ್ಮಿನಲ್ಲಿ ನೀರಿದೆ, ಕ್ಯಾನ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ.

ಹತ್ತುಕೆಜಿ_ಪ್ರೆಶರ್

ಕ್ಯಾನ್ ಸಿಗದಿದ್ದರೂ ಕಳ್ಳ ಸಿಕ್ಕಿದ.

ಶುದ್ಧ ನೀರು ಗಂಟೆಗೆ 369, ರಿಜೆಕ್ಟ್ 240. ಅಂದರೆ ಒಳಗೆ ಹೋದದ್ದರಲ್ಲಿ ಶೇ 60ಕ್ಕೂ ಹೆಚ್ಚು ಹಿಂಡಿ ತೆಗೀತಿದ್ದೀರಿ. ನೀರು ಚರಂಡಿಗೆ ಹೋಗ್ತಿದೆ ಅಂತ ಹೊಟ್ಟೆ ಉರಿದು ಯಾರೋ ರಿಜೆಕ್ಟ್ ವಾಲ್ವ್ ಬಿಗಿ ಮಾಡಿದ್ದಾರೆ. ನಾಲ್ಕಿಂಚಿನ ಮೆಂಬ್ರೇನಿನಿಂದ ಗಂಟೆಗೆ 700 ಲೀಟರಿಗಿಂತ ಕಮ್ಮಿ ರಿಜೆಕ್ಟ್ ಹರಿಯಬಾರದು. ಹರಿವು ಸತ್ತರೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೊನೆಯ ಮೆಂಬ್ರೇನಿನ ಜಾಲರಿಯಲ್ಲೇ ಕೂರುತ್ತೆ. 620 ಗಡಸುತನ, 430 ಕ್ಷಾರೀಯತೆ, ಆಂಟಿಸ್ಕೇಲೆಂಟ್ ಇಲ್ಲ, ವಾಲ್ವ್ ಬಿಗಿ: ಸುಣ್ಣ ಕಟ್ಟೋಕೆ ಇನ್ನೇನು ಬೇಕು. ಇಷ್ಟು ಕಮ್ಮಿ ಹರಿವಿಗೆ ಗೇಜುಗಳ ನಡುವೆ ಅರ್ಧ ಕೆಜಿ ವ್ಯತ್ಯಾಸ ಇದ್ದರೆ ಸರಿ, ನಿಮ್ಮದು ಎರಡು ಕೆಜಿ.

ಇದು ಆ್ಯಸಿಡ್ ವಾಶ್‌ಗೆ ಬಗ್ಗೋ ಕಾಯಿಲೆ. 100 ಲೀಟರ್ ಪ್ಲಾಸ್ಟಿಕ್ ಡ್ರಮ್‌ಗೆ ಆರ್‌ಒ ನೀರನ್ನೇ ತುಂಬಿ 2 ಕೆಜಿ ಸಿಟ್ರಿಕ್ ಆ್ಯಸಿಡ್ ಕರಗಿಸಿ. ಪಿಎಚ್ 2ಕ್ಕಿಂತ ಕೆಳಗೆ ಬೇಡ. ಹೈ ಪ್ರೆಶರ್ ಪಂಪ್ ಬಳಸಬೇಡಿ, ಬೇರೆ ಸಣ್ಣ ಪಂಪಿನಿಂದ 2ರಿಂದ 3 ಕೆಜಿ ಪ್ರೆಶರ್‌ನಲ್ಲಿ ಮೆಂಬ್ರೇನಿನೊಳಗೆ ಸುತ್ತಿಸಿ, ಹೊರಬಂದದ್ದು ಮತ್ತೆ ಡ್ರಮ್ಮಿಗೇ ಬರಲಿ. ಮೊದಲು ಬರೋ ಹತ್ತಿಪ್ಪತ್ತು ಲೀಟರ್ ಮಾಸಲು ನೀರನ್ನು ಹೊರಗೆ ಚೆಲ್ಲಿ. ಅರ್ಧ ಗಂಟೆ ಸುತ್ತಿಸಿ, ಒಂದು ಗಂಟೆ ನೆನೆಯೋಕೆ ಬಿಟ್ಟು, ಮತ್ತೆ ಅರ್ಧ ಗಂಟೆ. ನಡುನಡುವೆ ಪಿಎಚ್ ಪಟ್ಟಿ ಅದ್ದಿ ನೋಡಿ. ಅರ್ಧ ಅಂಕ ಏರಿದರೆ ಸುಣ್ಣ ಕರಗ್ತಿದೆ ಅಂತ ಅರ್ಥ, ಇನ್ನಷ್ಟು ಆ್ಯಸಿಡ್ ಸೇರಿಸಿ. ಏರೋದು ನಿಂತರೆ ಕೆಲಸ ಮುಗೀತು. ಆಮೇಲೆ ಚೆನ್ನಾಗಿ ತೊಳೆದು, ಟಿಡಿಎಸ್ ಸ್ಥಿರವಾಗೋವರೆಗೆ ಬಂದ ನೀರನ್ನು ಟ್ಯಾಂಕಿಗೆ ಬಿಡಬೇಡಿ. ಕೈಗವಸು, ಕನ್ನಡಕ ಮರೆಯಬೇಡಿ.

ಇದರ ನಂತರವೂ ಶುದ್ಧ ನೀರು ಗಂಟೆಗೆ 700 ಲೀಟರ್ ದಾಟದಿದ್ದರೆ ಕೊನೆಯ ಒಂದು ಮೆಂಬ್ರೇನ್ ಬಿಚ್ಚಿ ತೂಗಿ. ನೀರು ಬಸಿದ ಮೇಲೂ ಬೇರೆಯದಕ್ಕಿಂತ ಕಿಲೋಗಟ್ಟಲೆ ಭಾರ ಇದ್ದರೆ ಅದೊಂದನ್ನೇ ಬದಲಿಸಿ.

ಇನ್ನೊಂದು ಮಾತು, ನಿಮ್ಮ ಘಟಕಕ್ಕೆ ನೀರು ಬರೋದು ಬೋರಿನಿಂದ ನೇರವಾಗಿಯೋ ಓವರ್‌ಹೆಡ್ ಟ್ಯಾಂಕಿನಿಂದಲೋ? ಟ್ಯಾಂಕಿನಿಂದಾದರೆ ನೀರುಗಂಟಿ ಹಾಕೋ ಬ್ಲೀಚಿಂಗ್ ಪೌಡರ್ ಕಾರ್ಬನ್ ಫಿಲ್ಟರ್ ದಾಟಿ ಬರ್ತಿದೆಯಾ ಅಂತ ಕ್ಲೋರೋಸ್ಕೋಪಿನಲ್ಲಿ (ಕ್ಲೋರಿನ್ ಅಳೆಯೋ ಕಿಟ್) ನೋಡಿ. ಹಳದಿ ಬಣ್ಣ ಬಂದರೆ ಮೊದಲು ಕಾರ್ಬನ್ ಬದಲಿಸಿ. ಇಲ್ಲದಿದ್ದರೆ ಹೊಸ ಮೆಂಬ್ರೇನ್ ಹಾಕಿದರೂ ಕ್ಲೋರಿನ್ ತಿಂದು ಬೇಗ ಹೋಗುತ್ತೆ.

ಜಮಾಖರ್ಚು

ಮೆಂಬ್ರೇನ್ ತೊಳೆದಾಯ್ತು ಅಂತಿಟ್ಟುಕೊಳ್ಳಿ, ಎರಡು ವರ್ಷಕ್ಕೆ ಮತ್ತೆ ಇಲ್ಲೇ ಬಂದು ಇದೇ ಪ್ರಶ್ನೆ ಕೇಳ್ತೀರಿ. ಯಾಕಂದರೆ ಕಾಯಿನ್ ಬಾಕ್ಸಿನ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದನ್ನು ಯಾರೂ ಕೇಳಿಲ್ಲ.

140ರಲ್ಲಿ 90 ಮನೆ ಮಾತ್ರ ದಿನವೂ ಕ್ಯಾನ್ ಒಯ್ಯುತ್ತವೆ ಅಂತ ಬಿಗಿಯಾಗಿ ಹಿಡಿಯೋಣ. 90 × 5 × 30, ತಿಂಗಳಿಗೆ 13,500. ಕರೆಂಟು ಸಾವಿರ ಲೀಟರಿಗೆ ಎರಡೂಕಾಲು ಯೂನಿಟ್ ಅಂದರೆ ತಿಂಗಳಿಗೆ 120 ಯೂನಿಟ್ ಸುಮಾರು, ಯೂನಿಟ್‌ಗೆ 8 ರೂ. ಇಟ್ಟರೆ ಸಾವಿರದೊಳಗೆ. ನೋಡಿಕೊಳ್ಳುವವರ ಅರೆಕಾಲಿಕ ಸಂಬಳ 6,000 ಅನ್ನಿ. 5 ಮೈಕ್ರಾನ್ ಕಾರ್ಟ್ರಿಜ್, ಆಂಟಿಸ್ಕೇಲೆಂಟ್, ವರ್ಷಕ್ಕೊಂದು ಯುವಿ ದೀಪ, ಸಣ್ಣಪುಟ್ಟ ರಿಪೇರಿ ಸೇರಿ 2,000. ಮೆಂಬ್ರೇನ್ ಒಂದಕ್ಕೆ 15,000 ಅಂತ ನಾಲ್ಕಕ್ಕೆ 60,000, ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 1,670. ಎಲ್ಲಾ ಕೂಡಿ 10,700 ಆಸುಪಾಸು. ಅಲ್ಲಿಗೆ ಘಟಕ ತನ್ನ ಕಾಲ ಮೇಲೆ ನಿಲ್ಲುತ್ತೆ, ದುಡ್ಡು ಊರಲ್ಲೇ ಉಳಿದರೆ. ನಿಮ್ಮ ಕಡೆಯ ದರ ಹಾಕಿ ಲೆಕ್ಕ ತಿದ್ದಿಕೊಳ್ಳಿ.

ಮಾಡಬೇಕಾದ್ದು: ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಹೆಸರಿನಲ್ಲಿ ಈ ಘಟಕಕ್ಕೇ ಪ್ರತ್ಯೇಕ ಬ್ಯಾಂಕ್ ಖಾತೆ. ಶುದ್ಧ ನೀರಿನ ಲೈನಿಗೆ ಒಂದು ಮೀಟರ್, ಕಾಯಿನ್ ಯಂತ್ರಕ್ಕೆ ಹೋಗೋ ಪೈಪಿನ ಮೇಲೇ. ಪ್ರತಿ ಸೋಮವಾರ ಇಬ್ಬರು ಒಟ್ಟಿಗೆ ಪೆಟ್ಟಿಗೆ ತೆರೀಬೇಕು. ಮೀಟರಿನ ಲೀಟರನ್ನು 4ರಿಂದ ಭಾಗಿಸಿದರೆ ಎಷ್ಟು ರೂಪಾಯಿ ಇರಬೇಕು ಅಂತ ಬರುತ್ತೆ. ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಒಂದೋ ನೀರು ಸೋರ್ತಿದೆ, ಇಲ್ಲಾ ಕಾಸು. ನಿರ್ವಹಣೆ ಒಪ್ಪಂದ ಬರೆಯೋವಾಗ "ವರ್ಷಕ್ಕೆ ನಾಲ್ಕು ಭೇಟಿ" ಅಂತ ಬರೆಸಬೇಡಿ. ಶುದ್ಧ ನೀರಿನ ಟಿಡಿಎಸ್ 150 ಒಳಗೆ, ಫ್ಲೋರೈಡ್ 1.0 ಒಳಗೆ, ಹರಿವು 800ಕ್ಕಿಂತ ಮೇಲೆ, ಇವು ಮೂರಿದ್ದರೆ ಮಾತ್ರ ಹಣ ಅಂತ ಬರೆಸಿ. ಭೇಟಿಗೆ ದುಡ್ಡು ಕೊಟ್ಟರೆ ಭೇಟಿಯಷ್ಟೇ ಸಿಗೋದು.

ಹಿನ್ನೀರಿನ ಬಹುಗ್ರಾಮ ಯೋಜನೆ ಬಗ್ಗೆ: ಬಂದರೂ ಪೈಪ್ ಒಡೆದ ದಿನ, ನದಿ ಬತ್ತಿದ ತಿಂಗಳು ಬೋರ್ ನೀರನ್ನೇ ಓವರ್‌ಹೆಡ್ ಟ್ಯಾಂಕಿಗೆ ಹತ್ತಿಸ್ತಾರೆ. ಎರಡೂ ನೀರು ಬೆರೆತು ಬರೋವಾಗ ಯಾವ ದಿನ ಎಷ್ಟು ಫ್ಲೋರೈಡ್ ಅಂತ ಯಾರಿಗೂ ಗೊತ್ತಿರಲ್ಲ. ಘಟಕ ಮುಚ್ಚೋ ಆತುರ ಬೇಡ.

ನಲ್ಲಿಮೂಗು

ಇಷ್ಟೆಲ್ಲ ಯಾಕೆ, ಮನೆಮನೆಗೆ ಫ್ಲೋರೈಡ್ ಹೀರೋ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಕೊಟ್ಟರೆ ಆಗಲ್ವಾ? ಕರೆಂಟ್ ಬೇಡ, ರಿಜೆಕ್ಟ್ ನೀರಿಲ್ಲ. ಇಲ್ಲಾಂದ್ರೆ ಪಟಕ, ಸುಣ್ಣ ಹಾಕೋ ನಲಗೊಂಡ ವಿಧಾನ?

ಹತ್ತುಕೆಜಿ_ಪ್ರೆಶರ್

ಅಲ್ಯುಮಿನಾ ಒಳ್ಳೇದೇ, ಆದರೆ ಈ ನೀರಿಗೆ ಕಷ್ಟ. ಪಿಎಚ್ 5.5ರ ಆಚೀಚೆ ಅದು ಚೆನ್ನಾಗಿ ಹೀರುತ್ತೆ. 7.6 ಪಿಎಚ್, 430 ಕ್ಷಾರೀಯತೆಯಲ್ಲಿ ಶಕ್ತಿ ಬಹಳ ಕುಂದುತ್ತೆ. ಕೆಜಿಗೆ 1,500 ಮಿಲಿಗ್ರಾಂ ಫ್ಲೋರೈಡ್ ಹೀರುತ್ತೆ ಅಂತ ಉದಾರವಾಗಿ ಹಿಡಿದರೂ 5 ಕೆಜಿ ಫಿಲ್ಟರ್ 3,000 ಲೀಟರಿಗೆ ಮುಗೀತು. ದಿನಕ್ಕೆ 20 ಲೀಟರ್ ಬಳಸಿದರೆ ಐದು ತಿಂಗಳು. ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಆ್ಯಸಿಡ್ಡಿನಲ್ಲಿ ಹದಕ್ಕೆ ತರಬೇಕು. 140 ಮನೆಗೆ, ಐದು ತಿಂಗಳಿಗೊಮ್ಮೆ, ಯಾರು? ಶಕ್ತಿ ಮುಗಿದ ಫಿಲ್ಟರಿನ ನೀರು ನೋಡೋಕೂ ರುಚಿಗೂ ಹಾಗೇ ಇರುತ್ತೆ, ಅದೇ ಅಪಾಯ. ಟಿಡಿಎಸ್ ಮೀಟರೂ ಇಲ್ಲಿ ಏನೂ ಹೇಳಲ್ಲ. ಆರ್‌ಒದಲ್ಲಿ ಟಿಡಿಎಸ್ ಇಳಿದರೆ ಫ್ಲೋರೈಡೂ ಇಳಿದಿದೆ ಅಂತ ಅಂದಾಜು ಮಾಡಬಹುದು, ಅಲ್ಯುಮಿನಾ ಟಿಡಿಎಸ್ಸನ್ನು ಮುಟ್ಟೋದೇ ಇಲ್ಲ. ಟಿಡಿಎಸ್ ಮತ್ತು ನೈಟ್ರೇಟ್ ಎರಡಕ್ಕೂ ಅದು ಉಪಯೋಗವಿಲ್ಲ. ನಿಮ್ಮ ನೈಟ್ರೇಟ್ 58 ಇದೆ, ಮಿತಿ 45, ಅದಕ್ಕೆ ಸಡಿಲಿಕೆಯೂ ಇಲ್ಲ.

ನಲಗೊಂಡಕ್ಕೂ ಅದೇ ಮಾತು. ಪಟಕದ ಪ್ರಮಾಣ ಕ್ಷಾರೀಯತೆ ನೋಡಿ ನಿರ್ಧಾರವಾಗುತ್ತೆ, ದಿನವೂ ಕೆಸರು ತೆಗೀಬೇಕು, ಹೆಚ್ಚಾದರೆ ನೀರಿನಲ್ಲಿ ಅಲ್ಯುಮಿನಿಯಂ ಉಳಿಯುತ್ತೆ. ಕುದಿಸೋದಂತೂ ಬೇಡವೇ ಬೇಡ, ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಾಢವಾಗುತ್ತೆ ಅಷ್ಟೇ.

ರಿಜೆಕ್ಟ್ ನೀರಿನ ಮಾತು ಬಂದದ್ದು ಒಳ್ಳೇದಾಯ್ತು. ಅರ್ಧಕ್ಕರ್ಧ ನಡೆಸಿದರೆ ನಿಮ್ಮ ರಿಜೆಕ್ಟ್‌ನಲ್ಲಿ ಟಿಡಿಎಸ್ 3,200, ಫ್ಲೋರೈಡ್ 6. ಅದನ್ನು ಇಂಗುಗುಂಡಿಗೆ ಬಿಟ್ಟರೆ ಸುತ್ತಿ ಬಂದು ನಿಮ್ಮ ಬೋರಿಗೇ ಸೇರುತ್ತೆ. ದನದ ತೊಟ್ಟಿಗೂ ಬಿಡಬೇಡಿ, ದನಕ್ಕೂ ಹಲ್ಲು, ಮೂಳೆ ಇದೆ. ಹೊಂಡ ಮಾಡಿ ಆವಿ ಮಾಡಿಸೋಣ ಅಂದರೆ, ದಿನಕ್ಕೆ 5 ಮಿ.ಮೀ. ಆರುತ್ತೆ ಅಂತ ಹಿಡಿದರೂ 2,800 ಲೀಟರಿಗೆ 560 ಚದರ ಮೀಟರ್ ಬೇಕು, ಐದೂವರೆ ಗುಂಟೆ. ಶಾಲೆ, ಅಂಗನವಾಡಿಯ ಶೌಚಾಲಯದ ಟ್ಯಾಂಕಿಗೆ ಬೇರೆ ಪೈಪ್ ಎಳೆದು, ಅದಕ್ಕೆ ಕೆಂಪು ಬಣ್ಣ ಬಳಿದು, ಉಳಿದದ್ದನ್ನು ಹಾಲಿ ಹೋಗೋ ಚರಂಡಿಗೆ. ಇದಕ್ಕಿಂತ ಚೆಂದದ ದಾರಿ ಈ ಗಾತ್ರದ ಘಟಕಕ್ಕೆ ಇಲ್ಲ.

ತಂಗಡಿಹೂ

ಸರಿ. ಮೆಂಬ್ರೇನ್ ತೊಳೆಸಿ, ಆಂಟಿಸ್ಕೇಲೆಂಟ್ ತಂದು, ಉಳಿಯೋ ದುಡ್ಡಿನಲ್ಲಿ ಶಾಲೆಗೆ ಮಳೆನೀರಿನ ತೊಟ್ಟಿ ಅಂತ ಸಭೆಗೆ ಇಡ್ತೀವಿ. ಶಾಲೆ ಚಾವಣಿ 180 ಚದರ ಮೀಟರ್, ಮಕ್ಕಳು 70. ತೊಟ್ಟಿ ಎಷ್ಟು ದೊಡ್ಡದು ಬೇಕು? ಬ್ಲೀಚಿಂಗ್ ಎಷ್ಟು?

ಕಪ್ಪುಮೋಡ_ಪೂರ್ವಕ್ಕೆ

ಶಾಲೆಯಲ್ಲಿ ಕುಡಿಯೋಕೆ ಮಗುವಿಗೆ ಒಂದೂವರೆ ಲೀಟರ್, ಬಿಸಿಯೂಟಕ್ಕೆ ಅಷ್ಟೇ. ದಿನಕ್ಕೆ 210 ಲೀಟರ್. ಡಿಸೆಂಬರ್‌ನಿಂದ ಏಪ್ರಿಲ್ ರಜೆವರೆಗೆ ಶಾಲೆ ನಡೆಯೋ ದಿನ ನೂರು ಅಂದರೆ 21,000 ಲೀಟರ್. ಚಾವಣಿಯಿಂದ ವರ್ಷಕ್ಕೆ 72,000 ಬರುತ್ತೆ, ಕೊರತೆ ಇಲ್ಲ. ಒಂದೇ ದೊಡ್ಡದಕ್ಕಿಂತ 10,000ದ ಎರಡು ಕಟ್ಟಿ, ಒಂದು ತೊಳೆಯೋವಾಗ ಇನ್ನೊಂದು ಇರುತ್ತೆ. ಸಾವಿರ ಲೀಟರ್ ಹೆಚ್ಚುಕಮ್ಮಿಗೆ ಘಟಕದ ಕ್ಯಾನ್ ಇದ್ದೇ ಇದೆ. ಚಾವಣಿ ದೊಡ್ಡದಾದ್ದರಿಂದ ಮೊದಲ ಮಳೆಗೆ 180 ಲೀಟರ್ ಆಚೆ ಹೋಗಬೇಕು, ಪೈಪ್ ಸಾಲದು, 200 ಲೀಟರ್ ಡ್ರಮ್ ಇಡಿ.

ಬ್ಲೀಚಿಂಗ್: ಹೊಸ ಪೌಡರ್ ಆದರೆ ಸಾವಿರ ಲೀಟರಿಗೆ 5 ಗ್ರಾಂ, 10,000ಕ್ಕೆ 50 ಗ್ರಾಂ. ಮಗ್ಗಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯೋಕೆ ಬಿಟ್ಟು, ಮೇಲಿನ ತಿಳಿನೀರು ಮಾತ್ರ ಸುರಿಯಿರಿ. ಅರ್ಧ ಗಂಟೆ ಬಿಟ್ಟು ಕ್ಲೋರೋಸ್ಕೋಪಿನಲ್ಲಿ ನೋಡಿದರೆ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಇರಬೇಕು, ಇಲ್ಲದಿದ್ದರೆ ಇನ್ನೊಂದಿಷ್ಟು. ತಿಂಗಳಿಗೊಮ್ಮೆ ಎಚ್‌2ಎಸ್ ಬಾಟಲಿಯಲ್ಲಿ (ಬ್ಯಾಕ್ಟೀರಿಯಾ ಪತ್ತೆಗೆ) ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಡಿ, ಕಪ್ಪಾದರೆ ಮತ್ತೆ ಕ್ಲೋರಿನ್. ಹೊಸ ಸಿಮೆಂಟ್ ತೊಟ್ಟಿಯ ಮೊದಲ ತುಂಬು ನೀರಿನ ಪಿಎಚ್ ಏರಿರುತ್ತೆ, ಅದನ್ನು ಗಿಡಕ್ಕೆ ಬಿಡಿ.

ತುಂಬಿ ಹೊರಹೋಗೋ ಪೈಪಿನ ಬಾಯಿಗೂ ಸೊಳ್ಳೆ ಜಾಲರಿ ಕಟ್ಟಿ. ಮುಚ್ಚಳಕ್ಕೆ ಎಲ್ಲರೂ ಹಾಕ್ತಾರೆ, ಅದಕ್ಕೆ ಮರೀತಾರೆ, ಹುಳ ಬರೋದು ಅಲ್ಲಿಂದಲೇ.